ಬಾಬಿಲೋನಿನ ಪಾಠ ಹೇಳುತ್ತಿದ್ದವಳು

ಟೆಕ್ಸಸ್‌ನ ಇರ್ವಿಂಗ್‌ನಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆ ಭಾನುವಾರ ಮಧ್ಯಾಹ್ನ ಕೂಡುತ್ತದೆ. ನಮಗೆ ಸ್ವಂತ ಕಟ್ಟಡವಿಲ್ಲ. ಅಮೆರಿಕನ್ನರ ದೊಡ್ಡ ಚರ್ಚೊಂದರ ಹಿಂಬದಿಯ ಹಾಲನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಬೆಳಗ್ಗೆ ಅವರ ಆರಾಧನೆ ಮುಗಿದು, ಅವರ ಕಾರುಗಳಿಗೆ ರಸ್ತೆಯಲ್ಲಿ ದಾರಿ ಮಾಡಿಕೊಡುವ ಪೊಲೀಸಿನವನೂ ಮನೆಗೆ ಹೋದ ಮೇಲೆ ನಮ್ಮ ಪಾಳಿ. ಆರಾಧನೆಗೆ ಮುಂಚೆ ದೊಡ್ಡವರಿಗೆ ಬೈಬಲ್ ಪಾಠ ಹೇಳುವವಳು ನಾನು.

ವಾರದ ದಿನಗಳಲ್ಲಿ ಲಾಸ್ ಕೊಲಿನಾಸ್‌ನ ಆಫೀಸೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಭಾನುವಾರವೂ ಆ ಚಾಳಿ ಬಿಡುವುದಿಲ್ಲ. ಯಾರಾದರೂ ತಡವಾಗಿ ಬಂದರೆ, ಪುಸ್ತಕ ತರದೆ ಫೋನಿನಲ್ಲಿ ಓದಿದರೆ, ಎಲ್ಲರ ಮುಂದೆಯೇ ಒಂದು ಮಾತು ಬಿಡುತ್ತೇನೆ. ‘ಪಾಠ ಕೇಳಲಿಕ್ಕೆ ಬರತಾರೋ, ನಿನ್ನ ಕಡಿಂದ ಬೈಸಿಕೊಳ್ಳಲಿಕ್ಕೆ ಬರತಾರೋ’ ಎಂದು ನಮ್ಮವರು ಕಾರಿನಲ್ಲಿ ಕೇಳುತ್ತಾರೆ. ಬೈಸಿಕೊಂಡಾದರೂ ಬರುತ್ತಾರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕಳೆದ ವರ್ಷ ನಾನು ಆರಿಸಿಕೊಂಡ ವಿಷಯ ಸಾಮ್ರಾಜ್ಯಗಳದ್ದು. ಅಸ್ಸೀರಿಯಾ, ಬಾಬಿಲೋನ್, ಪಾರಸಿ ಅಂದರೆ ಪರ್ಷಿಯಾ, ರೋಮ್. ಬೈಬಲನ್ನು ದೇವರು ಆಕಾಶದಿಂದ ನೇರವಾಗಿ ಉದುರಿಸಿದ ಪುಸ್ತಕವೆಂದು ನಮ್ಮ ಜನ ತಿಳಿದಿರುತ್ತಾರೆ. ಅದು ಸೋತವರ ಪುಸ್ತಕ, ದೊಡ್ಡ ದೊರೆಗಳ ಕಾಲಡಿ ಸಿಕ್ಕಿಕೊಂಡ ಒಂದು ಸಣ್ಣ ಜನಾಂಗ ಉಸಿರು ಹಿಡಿದು ಬರೆದದ್ದು ಎಂದು ಹೇಳುವುದು ನನಗೆ ಬಹಳ ಇಷ್ಟ. ಬಾಬಿಲೋನಿನವರು ಯೆರೂಸಲೇಮಿನ ಗುಡಿಯನ್ನು ಸುಟ್ಟರು. ಗುಡಿಯಿಲ್ಲದೆ ದೇವರನ್ನು ನೆನೆಯುವುದು ಹೇಗೆಂದು ಗೊತ್ತಿಲ್ಲದ ಆ ಜನ ಶತ್ರುವಿನ ಊರಿನಲ್ಲೇ ಕೂಡಿ ಕುಳಿತು ಓದುವುದನ್ನು ಕಲಿತರು. ಆಮೇಲೆ ಪಾರಸಿಯ ದೊರೆ ಬಂದು ಅವರನ್ನು ಊರಿಗೆ ಕಳಿಸಿಕೊಟ್ಟ. ನಮ್ಮ ಪ್ರವಾದಿ ಅವನನ್ನು ದೇವರೇ ಅಭಿಷೇಕ ಮಾಡಿದವನೆಂದು ಹಾಡಿ ಹೊಗಳಿದ. ಆ ದೊರೆಯೋ ತನ್ನ ಗೆಲುವಿನ ಲೆಕ್ಕವನ್ನೆಲ್ಲ ಬಾಬಿಲೋನಿನ ದೇವರ ಹೆಸರಿಗೆ ಮಣ್ಣಿನ ಉರುಳೆಯ ಮೇಲೆ ಬರೆಸಿಟ್ಟ. ಸ್ವರ್ಗಕ್ಕೆ ಇಂಗ್ಲಿಷಿನಲ್ಲಿ ಪ್ಯಾರಡೈಸ್ ಎನ್ನುತ್ತೇವಲ್ಲ, ಅದು ಪಾರಸಿಯವರು ಗೋಡೆ ಕಟ್ಟಿದ ತೋಟಕ್ಕೆ ಅನ್ನುತ್ತಿದ್ದ ಮಾತು. ಇಂಥದ್ದನ್ನೆಲ್ಲ ಬಿಳಿ ಬೋರ್ಡಿನ ಮೇಲೆ ಬಾಣ ಎಳೆದೆಳೆದು ತೋರಿಸುತ್ತಿದ್ದೆ.

ಆ ಪುಸ್ತಕದಲ್ಲಿ ನನಗೆ ಮೊದಲಿನಿಂದ ಆಪ್ತವಾದವರು ಬಾಬಿಲೋನಿಗೆ ಸೆರೆಹೋದ ನಾಲ್ವರು ಯುವಕರು. ದೊರೆ ಅವರನ್ನು ಅರಮನೆಗೆ ಸೇರಿಸಿಕೊಂಡು, ತನ್ನ ಭಾಷೆ ಕಲಿಸಿ, ತನ್ನ ದೇವರುಗಳ ಹೆಸರು ಕೂಡಿಸಿದ ಹೊಸ ಹೆಸರುಗಳನ್ನಿಟ್ಟು, ತನ್ನ ಮೇಜಿನ ಊಟ ಕೊಡಿಸಿದ. ಅವರು ಭಾಷೆ ಕಲಿತರು, ಹೆಸರಿಗೂ ಓಗೊಟ್ಟರು, ಊಟ ಮಾತ್ರ ಬೇಡವೆಂದರು. ಹುಬ್ಬಳ್ಳಿಯಲ್ಲಿ ನಾನು ಚಿಕ್ಕವಳಿದ್ದಾಗ ಶಾಲೆಯಲ್ಲಿ ಪೂಜೆ ಮಾಡಿ ಮಂಡಕ್ಕಿ, ಕೊಬ್ಬರಿ ಹಂಚುತ್ತಿದ್ದರು. ಮನೆಯಲ್ಲಿ ಕಲಿಸಿದಂತೆ ನಾನು ಕೈ ಹಿಂದಕ್ಕೆ ಕಟ್ಟಿ ‘ನಮಗ ನಡೆಯೂದಿಲ್ರೀ’ ಎನ್ನುತ್ತಿದ್ದೆ. ಗೆಳತಿಯರು ಕಿಸಕ್ಕನೆ ನಗುತ್ತಿದ್ದರು. ಕೊಬ್ಬರಿಯ ಮೇಲೆ ಆಸೆಯಿದ್ದರೂ ನಾನು ಆ ನಾಲ್ವರ ಜೊತೆ ಐದನೆಯವಳು ಎಂದುಕೊಂಡು ಗಟ್ಟಿಯಾಗಿ ನಿಲ್ಲುತ್ತಿದ್ದೆ. ಅಲ್ಲಿ ನಾವು ಬೆರಳೆಣಿಕೆಯ ಜನ. ಆ ಹಠ ಇಲ್ಲದಿದ್ದರೆ ನಾವು ಉಳಿಯುತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ಟೆಕ್ಸಸ್‌ಗೆ ಬಂದ ಮೇಲೆ ಗಾಳಿ ಬೇರೆಯಾಯಿತು. ಆಫೀಸಿನಲ್ಲಿ ಯಾವ ದೇವಸ್ಥಾನಕ್ಕೆ ಹೋಗುತ್ತೀರೆಂದು ಕೇಳುತ್ತಾರೆ. ಚರ್ಚಿಗೆ ಎಂದರೆ ಅವರ ಮುಖ ಅರಳುತ್ತದೆ. ಒಮ್ಮೆ ಮ್ಯಾನೇಜರೊಬ್ಬರು ನನಗಾಗಿ ಮೀಟಿಂಗಿನ ಮುಂಚೆ ಪ್ರಾರ್ಥನೆ ಮಾಡಿದರು. ಪಕ್ಕದ ಸೀಟಿನ ಮೈಸೂರಿನ ಹುಡುಗ ತಲೆ ತಗ್ಗಿಸಿ ಕುಳಿತಿದ್ದ, ಅವನನ್ನು ಯಾರೂ ಏನೂ ಕೇಳಲಿಲ್ಲ. ನನಗೆ ಹಾಯೆನಿಸಿತ್ತು. ಹುಟ್ಟಿದಾಗಿನಿಂದ ಹೊರಗೆ ನಿಂತವಳಿಗೆ ಒಳಗೆ ಕುರ್ಚಿ ಸಿಕ್ಕರೆ ಅದು ಯಾರ ಕುರ್ಚಿ, ಯಾರ ಮೇಜು ಎಂದು ಯಾಕೆ ಕೇಳಿಕೊಳ್ಳುತ್ತಾಳೆ.

ನನ್ನ ಮಗ ಆಸ್ಟಿನ್‌ನಲ್ಲಿ ಓದುತ್ತಾನೆ. ಅದೇ ವರ್ಷ ಅವನು ತನ್ನ ಜೊತೆ ಓದುವ ಹುಡುಗಿಯೊಬ್ಬಳನ್ನು ಮನೆಗೆ ಕರೆದುಕೊಂಡು ಬಂದ. ಮೈಸೂರು ಕಡೆಯವಳು, ತಾಯಿ ಹ್ಯೂಸ್ಟನ್ನಿನ ಹತ್ತಿರ ಮಿಸೌರಿ ಸಿಟಿಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ, ತಂದೆ ಇಲ್ಲ. ಹುಡುಗಿಗೆ ಒಬ್ಬ ದೇವಿಯ ಹೆಸರು. ಮದುವೆಯಾಗುತ್ತೇವೆ ಎಂದರು. ನಾನು ಕೂಗಾಡಲಿಲ್ಲ. ಇದಕ್ಕೆ ನಮ್ಮವರಿಗೇ ಆಶ್ಚರ್ಯವಾಯಿತು. ಚರ್ಚಿನಲ್ಲಿ ಮದುವೆ, ಅದಕ್ಕೆ ಮುಂಚೆ ಅವಳಿಗೆ ದೀಕ್ಷಾಸ್ನಾನ, ಸ್ನಾನದ ಜೊತೆಗೆ ಹೊಸ ಹೆಸರು, ಇಷ್ಟೇ ನನ್ನ ಷರತ್ತು ಎಂದೆ. ನಮ್ಮ ಮನೆಗಳಲ್ಲಿ ಇದು ನಡೆದು ಬಂದದ್ದು. ಹೊರಗಿನಿಂದ ಬಂದ ಸೊಸೆ ಹೊಸ ಹೆಸರಿನಲ್ಲಿ ಒಳಗೆ ಬರುತ್ತಾಳೆ.

‘ಅಮ್ಮಾ, ಪ್ಲೀಸ್, ಡೋಂಟ್ ಮೇಕ್ ಇಟ್ ವಿಯರ್ಡ್’ ಎಂದ ಮಗ.

ಹುಡುಗಿ ಅವನನ್ನು ಸುಮ್ಮನಿರಿಸಿದಳು. ‘ಆಂಟಿ, ಅರ್ಥ ಮಾಡ್ಕೊಳ್ಳದೆ ಹ್ಞೂಂ ಅಂದ್ರೆ ನಿಮಗೂ ಮೋಸ, ನನಗೂ ಮೋಸ. ನಿಮ್ಮ ಕ್ಲಾಸಿಗೆ ಬರ್ಲಾ?’

ಹಾಗೆ ಅವಳು ಬರತೊಡಗಿದಳು. ಆಸ್ಟಿನ್‌ನಿಂದ ನನ್ನ ಮಗನನ್ನೂ ಎಬ್ಬಿಸಿಕೊಂಡು, ಅಷ್ಟು ದೂರ ಡ್ರೈವ್ ಮಾಡಿಕೊಂಡು, ಹೊತ್ತಿಗೆ ಸರಿಯಾಗಿ. ಎರಡನೆಯ ಸಾಲಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಅವಳೊಬ್ಬಳಿಗೆ ಮಾತ್ರ ನಾನು ಬೈಯಲು ಏನೂ ಸಿಗಲಿಲ್ಲ.

ಇಷ್ಟರಲ್ಲಿ ಹೆಸರನ್ನು ನಾನೇ ಆರಿಸಿಯೂ ಆಗಿತ್ತು. ಪಾರಸಿಯ ದೊರೆಯನ್ನು ಮದುವೆಯಾಗಿ, ತನ್ನ ಜನರನ್ನು ಸಾವಿನಿಂದ ಉಳಿಸಿದ ಯೆಹೂದಿ ಅನಾಥ ಹುಡುಗಿಯ ಹೆಸರು. ನನ್ನ ಅಜ್ಜಿಯ ಅತ್ತೆಯದೂ ಅದೇ ಹೆಸರು. ನಮ್ಮ ಮನೆತನದಲ್ಲಿ ಮೊದಲು ಸ್ನಾನ ತೆಗೆದುಕೊಂಡವರು ಅವರು, ಬಿಳಿಯ ಪಾದ್ರಿಯೊಬ್ಬರು ಇಟ್ಟ ಹೆಸರಂತೆ. ಹುಡುಗಿಗೆ ಇದನ್ನೆಲ್ಲ ಅಭಿಮಾನದಿಂದ ಹೇಳಿದೆ.

‘ಅದಕ್ಕೆ ಮುಂಚೆ ಅವರ ಹೆಸರು ಏನಿತ್ತು ಆಂಟಿ?’ ಎಂದು ಅವಳು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹಿರಿಯರನ್ನು ಫೋನ್ ಮಾಡಿ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಒಂದು ವಿಷಯ ಎಂದೇ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಬಾಬಿಲೋನಿನ ಪಾಠದ ದಿನ ನಾನು ಭರ್ಜರಿಯಾಗಿ ಮಾತಾಡಿದೆ. ಸಾಮ್ರಾಜ್ಯ ಮೊದಲು ಮಾಡುವ ಕೆಲಸ ಹೆಸರು ಬದಲಾಯಿಸುವುದು, ಎಂದೆ. ಊರು ಸುಡುವುದು ಸುಲಭ, ಮನುಷ್ಯನನ್ನು ತನ್ನವನಾಗಿ ಮಾಡಿಕೊಳ್ಳಬೇಕಾದರೆ ಅವನ ತಾಯಿ ಇಟ್ಟ ಹೆಸರನ್ನು ಕಿತ್ತುಕೊಳ್ಳಬೇಕು, ಎಂದೆ. ನಮ್ಮ ಆಫೀಸುಗಳಲ್ಲಿ ನಮ್ಮ ಹೆಸರು ಕತ್ತರಿಸಿ ಒಂದಕ್ಷರಕ್ಕೆ ಇಳಿಸುವುದನ್ನೂ ಉದಾಹರಣೆ ಕೊಟ್ಟೆ. ಜನ ತಲೆದೂಗಿದರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಪ್ರಯೋಗಿಸಿದ್ದೇನೋ! ಅಂದು ನನ್ನ ಎಲೆಯಲ್ಲೇ ಬದನೆಕಾಯಿ ಇತ್ತು, ನನಗೆ ಕಾಣಲಿಲ್ಲ. ಹುಡುಗಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದ್ದು ಮಾತ್ರ ಕಂಡಿತ್ತು. ಚಳಿಗೆ ಕೈ ಹಿಡಿದುಕೊಂಡಿರಬೇಕು, ಇಲ್ಲಿ ಎ.ಸಿ. ಜಾಸ್ತಿ ಎಂದುಕೊಂಡೆ.

ಮುಂದೆ ಪಾರಸಿಯ ಪಾಠ ಬಂತು, ಆ ರಾಣಿಯ ಕತೆ ಬಂತು. ಅವಳ ಬಗ್ಗೆ ನನಗೊಂದು ಮೆಚ್ಚಿನ ಸಂಗತಿ ಗೊತ್ತಿತ್ತು. ಹಿಂದೆಯೂ ಹೇಳಿ ಎಲ್ಲರನ್ನೂ ಬೆರಗುಗೊಳಿಸಿದ್ದೆ. ಅಂದೂ ಅದೇ ಹುಮ್ಮಸ್ಸಿನಲ್ಲಿ ಬೋರ್ಡಿನ ಮೇಲೆ ಅವಳ ಎರಡು ಹೆಸರುಗಳನ್ನೂ ಬರೆದೆ. ಮನೆಯಲ್ಲಿ ಇಟ್ಟದ್ದು ಇದು, ಒಂದು ಗಿಡದ ಹೆಸರು. ಜಗತ್ತಿಗೆಲ್ಲ ಗೊತ್ತಿರುವುದು ಇನ್ನೊಂದು. ಅದು ನಮ್ಮ ಹೆಸರಲ್ಲ, ಸಾಮ್ರಾಜ್ಯದ ಹೆಸರು. ಬಾಬಿಲೋನಿನ ದೊಡ್ಡ ದೇವಿಯ ಹೆಸರಿನಿಂದ ಬಂದದ್ದೆಂದು ಬಹಳ ವಿದ್ವಾಂಸರು ಹೇಳುತ್ತಾರೆ, ಎಂದೆ. ‘ನೋಡಿರಿ, ಅನ್ಯ ದೇವಿಯ ಹೆಸರು ಹೊತ್ತವಳ ಕೈಯಿಂದಲೇ ದೇವರು ತನ್ನ ಕೆಲಸ ಮಾಡಿಸಿದ. ದೇವರಿಗೆ ಹೆಸರಿಂದ ಏನೂ ತೊಂದರೆ...’

ಅಲ್ಲಿಗೆ ನನ್ನ ಮಾತು ನಿಂತಿತು. ಎರಡನೆಯ ಸಾಲಿನಲ್ಲಿ ಹುಡುಗಿ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ಪಕ್ಕದಲ್ಲಿ ನನ್ನ ಮಗ ನೆಲ ನೋಡುತ್ತಿದ್ದ. ಒಬ್ಬ ದೇವಿಯ ಹೆಸರು ಬಿಡಿಸಿ ಇನ್ನೊಬ್ಬ ದೇವಿಯ ಹೆಸರು ಇಡಲು ಹೊರಟಿದ್ದೆ ನಾನು. ಅದೂ ಗೊತ್ತಿಲ್ಲದೆ ಅಲ್ಲ. ಎಲ್ಲಾ ಗೊತ್ತಿದ್ದು, ಬಾಣ ಎಳೆದು ತೋರಿಸುವಷ್ಟು ಗೊತ್ತಿದ್ದು. ಸಭೆಯಲ್ಲಿ ಎಲ್ಲರಿಗೂ ನಾನು ಆರಿಸಿದ ಹೆಸರು ಗೊತ್ತಿತ್ತು. ಹಿಂದಿನಿಂದ ಯಾರೋ ಕೆಮ್ಮಿದರು. ನಾನು ಬೋರ್ಡಿನ ಕಡೆ ತಿರುಗಿ ಎರಡೂ ಹೆಸರುಗಳನ್ನು ಒರೆಸಿ, ಪಾರಸಿಯ ದೊರೆಗಳು ಕಟ್ಟಿಸಿದ ರಸ್ತೆಗಳ ಬಗ್ಗೆ ಮಾತಾಡತೊಡಗಿದೆ.

ಪಾಠ ಮುಗಿದ ಮೇಲೆ ಹುಡುಗಿ ನನಗೆ ಚಹಾ ತಂದುಕೊಟ್ಟಳು. ಜಗಳ ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು, ಜಗಳ ನನಗೆ ಬರುತ್ತದೆ.

‘ಪರವಾಗಿಲ್ಲ ಆಂಟಿ. ನಿಮ್ಮ ಅಜ್ಜಿ ಮನೆ ಹೆಸರು ಅಲ್ವಾ, ನಾನು ಇಟ್ಕೋತೀನಿ. ಅಮ್ಮಂಗೂ ಹೇಳಿದೀನಿ.’

‘ಆತು’ ಎಂದೆ. ಬೇಡ ಎನ್ನಬೇಕೆಂದಿದ್ದೆ. ಸಭೆಯವರು ಸುತ್ತ ನಿಂತಿದ್ದರು, ಅಷ್ಟು ದಿನ ಹೇಳಿಕೊಂಡು ಬಂದದ್ದನ್ನು ಅವರ ಮುಂದೆ ವಾಪಸು ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಆತು ಎಂದು ಚಹಾ ಕುಡಿದೆ. ಆ ಮಾತಿಗೆ ಈಗ ನಾಚಿಕೆಪಡುವಷ್ಟು ಬೋರ್ಡಿನ ಮುಂದೆ ನಿಂತದ್ದಕ್ಕೂ ಪಡುವುದಿಲ್ಲ.

ಸ್ನಾನದ ದಿನ ಗೊತ್ತು ಮಾಡಲು ಒಂದು ಶನಿವಾರ ನಾನೂ ನಮ್ಮವರೂ ಮಿಸೌರಿ ಸಿಟಿಗೆ ಹೋದೆವು. ಮಕ್ಕಳು ಆಸ್ಟಿನ್‌ನಿಂದ ಮುಂಚೆಯೇ ಬಂದಿದ್ದರು. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತಿದ್ದರು. ನನಗಿಂತ ಚಿಕ್ಕವರು, ಕೂದಲು ಮಾತ್ರ ಬಹಳ ನರೆತಿತ್ತು. ಅಡುಗೆಮನೆಯ ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು, ಹೊರಗಿನ ಹಿಡಿಯಲ್ಲಿ ಒಣಗಿದ ಮಾವಿನೆಲೆಯೊಂದು ಸಿಕ್ಕಿಕೊಂಡಿತ್ತು. ದೇವರ ಕೋಣೆ ಎಂದು ತಿಳಿಯಿತು. ನಮಗೆ ಮುಜುಗರವಾಗದಿರಲಿ ಎಂದು ಮುಚ್ಚಿದ್ದಾರೆ.

ಮೇಜಿನ ಮೇಲೆ ಬಿಸಿಬೇಳೆಭಾತು, ಹುರುಳಿಕಾಯಿ ಪಲ್ಯ, ಪಾಯಸ. ನಮ್ಮವರು ನನ್ನ ಮುಖ ನೋಡಿದರು. ಪೂಜೆಗೆ ಇಟ್ಟ ಅಡುಗೆಯೋ ಏನೋ, ಹೇಗೆ ಕೇಳುವುದು ಎಂಬ ನೋಟ ಅದು. ನಮ್ಮ ಜನಕ್ಕೆ ಈ ನೋಟ ಹುಟ್ಟಿನಿಂದಲೇ ಬರುತ್ತದೆ. ಆ ತಾಯಿಗೆ ಅದು ಅರ್ಥವಾಯಿತು.

‘ಮಗಳು ಹೇಳಿದ್ಲು, ನೀವು ಪ್ರಸಾದ ತಗೊಳ್ಳಲ್ಲ ಅಂತ. ಇವತ್ತು ನೈವೇದ್ಯ ಮಾಡಿಲ್ಲ. ಒಲೆ ಮೇಲಿಂದ ನೇರ ಇಲ್ಲಿಗೇ ಬಂದಿರೋದು. ಧೈರ್ಯವಾಗಿ ಊಟ ಮಾಡಿ.’

ಬಡಿಸಿದರು. ನೀವೂ ಕೂಡಿರಿ ಎಂದೆ.

‘ನನಗೆ ಹಾಲು ಬಾಳೆಹಣ್ಣು ಆಗಿದೆ. ನೀವು ಮಾಡಿ.’

ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರಿಗೆ ಮೀಸಲು ಇಡದೆ ಈ ಹೆಂಗಸು ಯಾವತ್ತೂ ಅನ್ನ ಮುಟ್ಟಿದವರಲ್ಲ. ನಾವು ಉಣ್ಣುವಂತಾಗಲೆಂದು ದೇವರಿಗೆ ಇಡಲಿಲ್ಲ. ದೇವರಿಗೆ ಇಡದ್ದನ್ನು ತಾನು ಉಣ್ಣಲಿಲ್ಲ. ನಮ್ಮ ನೇಮವನ್ನೂ ಕಾಯ್ದರು, ತಮ್ಮದನ್ನೂ ಬಿಡಲಿಲ್ಲ, ಉಪವಾಸ ಬಿದ್ದದ್ದು ಅವರೊಬ್ಬರೇ. ನನ್ನ ತಟ್ಟೆಯಲ್ಲಿ ಪಾಯಸ ಇತ್ತು. ಇಷ್ಟು ವರ್ಷ ದೊರೆಯ ಊಟ ಬೇಡವೆಂದ ಯುವಕರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಂಡಿದ್ದೆ. ಈಗ ಊಟ ಬೇಡವೆಂದು ಎದುರಿಗೆ ನಿಂತವರು ಅವರು. ಹೆಸರು ಬದಲಾಯಿಸಲು ದಿನ ಗೊತ್ತು ಮಾಡಲಿಕ್ಕೆ ಬಂದು ಕುಳಿತವಳು ನಾನು. ಆದರೂ ಪೂರ್ತಿ ಉಂಡೆ, ಬಿಟ್ಟರೆ ಅವರಿಗೆ ಅದೂ ಒಂದು ಪೆಟ್ಟು.

ಊಟವಾದ ಮೇಲೆ ಮಕ್ಕಳು ಮಹಡಿಗೆ ಹೋದರು, ನಮ್ಮವರು ಹಿತ್ತಲಿಗೆ ಹೋದರು. ತಾಯಿ ನನ್ನ ಹತ್ತಿರ ಬಂದು ಕುಳಿತರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

‘ಒಂದು ಕೇಳ್ಲಾ? ನಿಮ್ಮ ಮನೇಲಿ, ಚರ್ಚಲ್ಲಿ ನೀವಿಟ್ಟ ಹೆಸರೇ ಇರ್ಲಿ. ಇಲ್ಲಿಗೆ ಬಂದಾಗ ನಾನು ಹಳೇ ಹೆಸರಲ್ಲಿ ಕರೀಬಹುದಾ? ಹೊರಗಡೆ ಯಾರ ಮುಂದೇನೂ ಕರೆಯಲ್ಲ.’

ತಾನು ಹೆತ್ತ ಮಗಳನ್ನು ತಾನಿಟ್ಟ ಹೆಸರಿನಿಂದ ಕರೆಯಲು ಒಬ್ಬ ತಾಯಿ ನನ್ನ ಅಪ್ಪಣೆ ಕೇಳುತ್ತಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕರೀರಿ ಎಂದು ಬಾಯಿಯ ತುದಿಗೆ ಬಂತು, ಅದೂ ಅಪ್ಪಣೆ ಕೊಟ್ಟಂತೆಯೇ ಕೇಳುತ್ತದೆಂದು ನುಂಗಿದೆ.

‘ಹೆಸರು ಬದಲಿ ಮಾಡೂದು ಬ್ಯಾಡ್ರಿ’ ಎಂದೆ. ‘ಸ್ನಾನಾನೂ ಆಕಿ ತನಗ ಬೇಕು ಅನ್ನಿಸಿದಾಗ, ಬೇಕು ಅನ್ನಿಸಿದ್ರ. ನಾ ಎಲ್ಲಾ ಬ್ಯಾಡ ಅಂತೀನಿ.’

ನಾನು ಅವರ ಮುಖದಲ್ಲಿ ನಿರಾಳವನ್ನು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಒಂದಿಷ್ಟು ಕೃತಜ್ಞತೆಯನ್ನೂ ಕಾಯುತ್ತಿದ್ದೆ. ಅವರ ಮುಖ ಬಿಳಿಚಿತು.

‘ಏನಾದ್ರೂ ತಪ್ಪಾಯ್ತಾ? ಊಟದಲ್ಲಿ ಏನಾದ್ರೂ? ಮದುವೆ ಬೇಡ ಅಂತ ಅನ್ಬೇಡಿ. ನಾನು ಕೇಳಿದ್ದೇ ತಪ್ಪು, ಬಿಡಿ. ಹಳೇ ಹೆಸರು ನಾನೂ ಕರೆಯಲ್ಲ. ಅಭ್ಯಾಸ ಮಾಡ್ಕೋತಾ ಇದೀನಿ.’ ಹಾಗೆಂದು ನಾನಿಟ್ಟ ಹೆಸರನ್ನು ಅವರು ನನ್ನೆದುರು ಒಮ್ಮೆ ಹೇಳಿದರು, ಮಗ್ಗಿ ಒಪ್ಪಿಸುವ ಮಗುವಿನಂತೆ, ಒಂದಕ್ಷರವೂ ತಪ್ಪದೆ. ಮತ್ತೊಮ್ಮೆ ಹೇಳಿದರು. ಸರಿಯಾಗಿದೆಯೇ ಎಂದು ನನ್ನ ಮುಖ ನೋಡಿದರು.

ಇಲ್ರೀ, ಹಂಗಲ್ರೀ, ಮದುವಿ ಆಗ್ತೈತ್ರೀ ಎಂದು ನಾನು ಏನೇನೋ ತೊದಲಿದೆ. ಅವರು ನಂಬಲಿಲ್ಲ. ಯಾಕೆ ನಂಬಬೇಕು? ಕೊಡುವುದೂ ಕಿತ್ತುಕೊಳ್ಳುವುದೂ ಒಬ್ಬಳ ಬಾಯಲ್ಲೇ ಇದ್ದರೆ, ಆ ಬಾಯಿಂದ ಬಂದ ಕರುಣೆಯಾದರೂ ಕೇಳುವವರಿಗೆ ಬೆದರಿಕೆಯೇ. ಅಷ್ಟು ತಿಂಗಳು ನಾನು ಆ ಹುಡುಗಿಯನ್ನು ‘ಅವ್ವಾ’ ಎಂದು, ‘ಬಾ ಇಲ್ಲಿ’ ಎಂದು ಕರೆದಿದ್ದೆನೇ ಹೊರತು ಒಮ್ಮೆಯೂ ಹೆಸರು ಹಿಡಿದಿರಲಿಲ್ಲ. ಆ ದೇವಿಯ ಹೆಸರು ನನ್ನ ನಾಲಿಗೆಗೆ ಬರಬಾರದೆಂದು ಹುಷಾರಾಗಿದ್ದೆ. ಇನ್ನು ಬೇರೆ ಏನು ಹೇಳಿದರೂ ಈ ತಾಯಿಗೆ ನಂಬಿಕೆ ಬರುವುದಿಲ್ಲವೆಂದು ಗೊತ್ತಾಗಿ ನಾನು ಎದ್ದು ಮೆಟ್ಟಿಲಿನ ಬುಡಕ್ಕೆ ಹೋಗಿ, ಅದೇ ದೇವಿಯ ಹೆಸರು ಹಿಡಿದು ಗಟ್ಟಿಯಾಗಿ ಕರೆದೆ.

‘ಬಂದೆ ಅಮ್ಮಾ’ ಎಂದಳು ಮೇಲಿನಿಂದ.

ದಡದಡನೆ ಇಳಿದು ಬಂದು, ನನ್ನನ್ನು ದಾಟಿ ನೇರ ತಾಯಿಯ ಹತ್ತಿರ ಹೋಗಿ ನಿಂತಳು. ‘ಏನಮ್ಮಾ, ಯಾಕೆ ಕರೆದೆ?’

ತಾಯಿ ನನ್ನ ಕಡೆ ಕೈ ತೋರಿಸಿದರು. ಹುಡುಗಿ ತಿರುಗಿದಳು. ನಾನು ಮೆಟ್ಟಿಲಿನ ಕಂಬ ಹಿಡಿದುಕೊಂಡು ನಿಂತಿದ್ದೆ, ತಲೆ ಎತ್ತಲಾಗಲಿಲ್ಲ.